ಓಲ್ಡ್‌ರಾಯ್ಡ್ ಸಮಾಧಿಯ ಹನ್ನೆರಡನೆಯವಳು

ಚಾಪೆಲ್ ರಸ್ತೆ, ಸ್ಕೆಲ್‌ಬೆಕ್, ಯಾರ್ಕ್‌ಶೈರ್
ಜೂನ್ ೩, ೨೦೧೯

ಮಾನ್ಯ ಡೆಸ್ಮಂಡ್ ಓಲ್ಡ್‌ರಾಯ್ಡ್ ಅವರಿಗೆ,

ಕಳೆದ ಮೇ ಹದಿನಾಲ್ಕು, ಮಂಗಳವಾರ, ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರ ಒಳಗೆ, ನಮ್ಮ ಊರ ಸ್ಮಶಾನದಲ್ಲಿರುವ ನಿಮ್ಮ ಮನೆತನದ ಸಮಾಧಿಯ ಮೇಲಿಂದ ಒಬ್ಬ ಹೆಣ್ಣುಮಗಳ ಹೆಸರನ್ನು ಅಳಿಸಿಹಾಕಿದ್ದಾರೆ. ಅಳಿಸಿದವರು ಪುಂಡರಲ್ಲ, ಪುರಸಭೆಯ ಸ್ಮಶಾನ ಸಮಿತಿಯವರು. ಈ ಕೆಲಸಕ್ಕೆ ಅವರು ಕೊಟ್ಟ ಹೆಸರು ಜೀರ್ಣೋದ್ಧಾರ.

ನನ್ನ ಪರಿಚಯ ನಿಮಗಿಲ್ಲ. ಈ ಊರಿನ ಗ್ರಂಥಾಲಯದಲ್ಲಿ ಮೂವತ್ತಾರು ವರ್ಷ ಕೆಲಸ ಮಾಡಿ ನಿವೃತ್ತಳಾದವಳು. ನಿಮ್ಮ ಅಕ್ಕ ತೀರಿಕೊಂಡಾಗ ಇಲ್ಲಿನ ವಾರಪತ್ರಿಕೆಯಲ್ಲಿ ಬಂದ ಪ್ರಕಟಣೆಯಲ್ಲಿ "ತಮ್ಮ, ನ್ಯೂಜಿಲೆಂಡಿನ ತಿಮಾರು" ಎಂದಿತ್ತು. ಅಷ್ಟು ಸಿಕ್ಕರೆ ವಿಳಾಸ ಹುಡುಕುವುದು ಗ್ರಂಥಪಾಲಕಿಗೆ ಕಷ್ಟವಲ್ಲ.

ನೀವು ಊರು ಬಿಟ್ಟು ಅರವತ್ತು ವರ್ಷವಾದರೂ ಸಮಾಧಿಯನ್ನು ಮರೆತಿರಲಾರಿರಿ. ಗಸಗಸೆ ಕಾಯಿ ಕೆತ್ತಿದ ನಾಲ್ಕು ಕಂಬ, ತಲೆಯ ಮೇಲೆ ಚರ್ಚಿನ ಗೋಪುರವನ್ನು ಕುಗ್ಗಿಸಿ ಕೂರಿಸಿದಂಥ ಶಿಖರ, ಬಟ್ಟೆ ಹೊದಿಸಿದ ಕಲಶ, ದೀವಟಿಗೆಯನ್ನು ತಲೆಕೆಳಗೆ ಹಿಡಿದು ನಿಂತ ದೇವದೂತೆ. ಕಂಬಗಳ ನಡುವೆ ಅಮೃತಶಿಲೆಯ ನಾಲ್ಕು ಮುಖ. ರಸ್ತೆ ಕಡೆಗಿರುವ ಪೂರ್ವದ ಮುಖದಲ್ಲಿ ಉಣ್ಣೆ ಗಿರಣಿಯ ಎಬೆನೆಜರ್ ಓಲ್ಡ್‌ರಾಯ್ಡ್. ದಕ್ಷಿಣದಲ್ಲಿ ಅವರ ಹೆಂಡತಿ ಲವೀನಿಯಾ ಮತ್ತು ಆಮೇಲಿನವರು. ಪಶ್ಚಿಮದಲ್ಲಿ, ೧೮೭೪ರ ನವೆಂಬರಿನಲ್ಲಿ ಕೆಂಪು ಜ್ವರಕ್ಕೆ ಒಂಬತ್ತೇ ದಿನದಲ್ಲಿ ಹೋದ ಅವರ ಮೂರು ಮಕ್ಕಳು. ಹಿಂಬದಿಯಲ್ಲಿ, ಉತ್ತರದ ಮುಖದಲ್ಲಿ, ಹೀಗಿತ್ತು:

"ಜೊತೆಗೆ ಟ್ರಿಫೀನಾ ಲಂಬ್, ಹತ್ತೊಂಬತ್ತು ವರ್ಷ. ಈ ಮಕ್ಕಳ ಪಕ್ಕದಲ್ಲಿ ಕೂತವಳು. ಎದ್ದು ಹೋಗಲಿಲ್ಲ."

ಗಿರಣಿಯಲ್ಲಿ ನೂಲು ತೆಗೆಯುತ್ತಿದ್ದ ಅನಾಥ ಹುಡುಗಿ. ದಾದಿಯರು ಹೆದರಿ ಓಡಿದಾಗ ಇವಳು ಬಂದಳು. ಮೂರನೆಯ ಮಗು ಹೋದ ಐದನೆಯ ದಿನ ತಾನೂ ಹೋದಳು. ಅವಳನ್ನು ಮನೆತನದ ಸಮಾಧಿಯೊಳಗೇ ಇಡಬೇಕೆಂದು ಲವೀನಿಯಾ ಹಟ ಹಿಡಿದರು. ಯಜಮಾನರು ಒಪ್ಪಿದರು, ಆದರೆ ಹಿಂಬದಿಯಲ್ಲಿ.

ಆಗಿನ ಪದ್ಧತಿಯಂತೆ ಅಕ್ಷರಗಳನ್ನು ಸೀಸದಲ್ಲಿ ಮಾಡಿ, ಕಲ್ಲಿಗೆ ಸಣ್ಣ ತೂತು ಕೊರೆದು, ಬಡಿದು ಕೂರಿಸಿದ್ದರು. ಆ ಮುಖದ ಸೀಸವೆಲ್ಲ ಎಂದೋ ಹೋಗಿತ್ತು. ತೂತುಗಳು ಉಳಿದಿದ್ದವು. ಒಂದೊಂದು ಅಕ್ಷರಕ್ಕೂ ಅದರದೇ ತೂತಿನ ಸಾಲು. ಉತ್ತರದ ಮುಖಕ್ಕೆ ಬಿಸಿಲು ಬೀಳುವುದೇ ಜೂನ್ ತಿಂಗಳ ಸಂಜೆ, ಅದೂ ಓರೆಯಾಗಿ. ಆಗ ಪ್ರತಿ ತೂತಿನಲ್ಲೂ ನೆರಳು ತುಂಬಿ ಹೆಸರು ತಾನಾಗಿ ಎದ್ದು ಬರುತ್ತಿತ್ತು. ಈ ಜೂನಿನಲ್ಲಿ ನಾನು ಹೋದೆ. ತೂತೆಲ್ಲ ಮುಚ್ಚಿದ ಕಲ್ಲು ಹಲ್ಲಿಲ್ಲದ ಬಾಯಿಯಂತೆ ನುಣ್ಣಗಿದೆ.

ಸಮಾಧಿಯ ಹಕ್ಕುಪತ್ರ ಈಗ ನಿಮ್ಮ ಹೆಸರಿನಲ್ಲಿದೆ. ನೀವು ಒಂದು ಕಾಗದ ಬರೆದರೆ ಸಮಿತಿ ಕೇಳಲೇಬೇಕು. ಬರೆಯುತ್ತೀರಾ?

ಇತಿ,
ಎನಿಡ್ ಥ್ವೈಟ್

•

ತಿಮಾರು, ನ್ಯೂಜಿಲೆಂಡ್
ಜೂನ್ ೨೮, ೨೦೧೯

ಮಾನ್ಯ ಎನಿಡ್ ಥ್ವೈಟ್ ಅವರಿಗೆ,

ನಿಮ್ಮ ಕಾಗದ ಓದುವಾಗ ಟೋಪಿ ತೆಗೆದು ಕೈಕಟ್ಟಿ ನಿಂತುಕೊಳ್ಳಬೇಕು ಅನ್ನಿಸಿತು. ನಮ್ಮ ಹಳೆಯ ಹೆಡ್‌ಮಾಸ್ತರರೂ ಹೀಗೇ ತಾರೀಖು, ಗಂಟೆ ಹಿಡಿದು ಬೈಯುತ್ತಿದ್ದರು.

ನನಗೆ ಎಂಬತ್ತು. ಇಲ್ಲಿ ಈಗ ಚಳಿಗಾಲ, ಮಂಡಿ ಎರಡೂ ಮುಷ್ಕರ ಹೂಡಿವೆ. ಐವತ್ತು ವರ್ಷ ಇಲ್ಲಿನ ಕುರಿಗಳ ಉಣ್ಣೆಯನ್ನು ಮುಟ್ಟಿ ಮುಟ್ಟಿ ದರ್ಜೆ ಹೇಳಿದವನು ನಾನು. ತಾತನ ತಾತ ಆ ಉಣ್ಣೆಯಿಂದ ಗಿರಣಿ ಕಟ್ಟಿದ, ಸಮಾಧಿ ಕಟ್ಟಿದ. ನನಗೆ ಅದರಿಂದ ಸಿಕ್ಕಿದ್ದು ಮೆತ್ತನೆಯ ಅಂಗೈ. ದೇವದೂತೆಗೆ ಇನ್ನೂ ಮೂಗಿದೆಯೇ? ನನ್ನ ಕಾಲಕ್ಕೇ ಅರ್ಧ ಹೋಗಿತ್ತು.

ಟ್ರಿಫೀನಾ ಲಂಬ್ ಎಂಬ ಹೆಸರನ್ನು ನಾನು ಕೇಳಿದ ನೆನಪಿಲ್ಲ. ಭಾನುವಾರ ಚಾಪೆಲ್‌ನ ಪ್ರಾರ್ಥನೆ ಮುಗಿದ ಮೇಲೆ ಅಜ್ಜಿ ನನ್ನನ್ನೂ ಅಕ್ಕನನ್ನೂ ಬಕೆಟ್ಟು ಬ್ರಷ್ಷು ಹೊರಿಸಿಕೊಂಡು ಕರೆದೊಯ್ಯುತ್ತಿದ್ದರು. ಮೂರು ಮುಖ ಉಜ್ಜಿಸುತ್ತಿದ್ದರು. ನಾಲ್ಕನೆಯದರ ಹತ್ತಿರ ಹೋದರೆ, "ಏಯ್, ಆ ಕಡೆ ಬೇಡ, ತುರಚೆ ಗಿಡ ಇದೆ, ಕಾಲು ಸುಡುತ್ತೆ" ಎನ್ನುತ್ತಿದ್ದರು. ತುರಚೆ ಇದ್ದದ್ದು ನಿಜ. ಕಿತ್ತುಹಾಕಬಹುದಿತ್ತು ಎಂಬುದೂ ನಿಜ.

ಒಂದು ಮಾತು ಮಾತ್ರ ನಿಮ್ಮದು ಸರಿಯಿಲ್ಲ. ಸೀಸ "ಎಂದೋ ಹೋಗಿತ್ತು" ಎಂದು ಬರೆದಿದ್ದೀರಿ. ಆ ಅಕ್ಷರಗಳು ತಾನಾಗಿ ಉದುರುವಂಥವಲ್ಲ. ಬೆನ್ನಿಗೆ ಹಾಲುಹಲ್ಲಿನ ಬೇರಿನಂಥ ಮೊಳೆಗಳಿರುತ್ತವೆ, ಗಟ್ಟಿಯಾಗಿ ಕಚ್ಚಿಕೊಂಡಿರುತ್ತವೆ.

ನೇರವಾಗಿ ಕೇಳುತ್ತೇನೆ, ಬೇಸರ ಬೇಡ. ನೀವು ಲಂಬ್ ಕಡೆಯವರೇ? ನಿಮಗೇ ಆ ಸಮಾಧಿಯೊಳಗೆ ಒಂದು ಜಾಗ ಬೇಕಿದ್ದರೆ ಹಾಗೇ ಹೇಳಿಬಿಡಿ. ನಾನಂತೂ ಅಲ್ಲಿಗೆ ಬರುವವನಲ್ಲ. ಒಳಗೆ ಶವಪೆಟ್ಟಿಗೆ ಇಡುವ ನನ್ನ ಪಾಲಿನ ಹಲಗೆ ಖಾಲಿ ಇದೆ.

ನಿಮ್ಮ,
ಡೆಸ್ಮಂಡ್ ಓಲ್ಡ್‌ರಾಯ್ಡ್

•

ಸ್ಕೆಲ್‌ಬೆಕ್
ಜುಲೈ ೧೯, ೨೦೧೯

ಮಾನ್ಯ ಓಲ್ಡ್‌ರಾಯ್ಡ್ ಅವರಿಗೆ,

ನನಗೆ ನಿಮ್ಮ ಹಲಗೆ ಬೇಡ. ನಾನು ಲಂಬ್ ಕಡೆಯವಳೂ ಅಲ್ಲ. ಲಂಬ್ ಕಡೆಯವರು ಅಂತ ಯಾರೂ ಇಲ್ಲ. ಅದಕ್ಕೇ ನಾನು ಬರೆಯುತ್ತಿರುವುದು.

ಹೋದ ವಾರ ಸಮಿತಿಯ ಸಭೆಗೆ ಹೋಗಿದ್ದೆ. ಸಭೆ ಮೊದಲಾಗುವ ಮುಂಚೆ ಊರಿನವರು ಪ್ರಶ್ನೆ ಕೇಳಬಹುದು, ತಲೆಗೆ ಮೂರು ನಿಮಿಷ. ಅಧ್ಯಕ್ಷ ಬ್ರಾಮ್ಲಿ ಎದುರಿಗೆ ಮೊಟ್ಟೆ ಬೇಯಿಸುವಾಗ ಇಡುವ ಮರಳಿನ ಗಡಿಯಾರ ಇಟ್ಟುಕೊಂಡು ಕೂರುತ್ತಾನೆ. ಬಾಲ್ಯದಲ್ಲಿ ಗ್ರಂಥಾಲಯದ ಪುಸ್ತಕಗಳಿಗೆ ಜ್ಯಾಮ್ ಮೆತ್ತುತ್ತಿದ್ದವನು.

"ಒಂದು ಹೆಸರು ಅಳಿಸಿದ್ದೀರಿ" ಎಂದೆ.

"ಹೆಸರಲ್ಲ ಮಿಸ್ ಥ್ವೈಟ್, ತೂತು. ತೂತಿದ್ರೆ ನೀರು ಇಳಿಯುತ್ತೆ, ಚಳೀಲಿ ಹೆಪ್ಪುಗಟ್ಟಿ ಕಲ್ಲು ಬಿರಿಯುತ್ತೆ. ಕಲ್ಲು ಉಳಿಸಿದ್ದೀವಿ. ಥ್ಯಾಂಕ್ಸ್ ಹೇಳೋರು ಹೇಳ್ತಾರೆ, ನೀವು ಜಗಳಕ್ಕೆ ಬರ್ತೀರ."

"ದಫನ್ ಪುಸ್ತಕ ನಿಮ್ಮದೇ ಕಬ್ಬಿಣದ ಬೀರುವಿನಲ್ಲಿದೆ. ತೆಗೆದು ನೋಡಿದ್ರಾ?"

"ಅಚ್ಚಾದ ದಾಖಲೆ ನೋಡಿದ್ದೀವಿ. ಅದು ಸಾಕು. ಮರಳು ಮುಗೀತು."

ಯಾವ ದಾಖಲೆ ಎಂಬುದು ಇಲ್ಲಿ ಮುಖ್ಯವಲ್ಲ. ಮುಖ್ಯವಾದದ್ದು, ಮರುದಿನ ಕಲ್ಲುಕುಟಿಗ ಸಗ್ಡೆನ್‌ನನ್ನು ಕಂಡಾಗ ಅವನು ಹೇಳಿದ್ದು. ತೂತು ಮುಚ್ಚಿದವನು ಅವನೇ. ಹಂದಿಮಾಂಸದ ಪೈ ತಿನ್ನುತ್ತ ಕೂತಿದ್ದ.

"ಇನ್ನೂರ ಹದಿನೆಂಟು ತೂತು ಕಣಮ್ಮ. ಎಣಿಸಿದೀನಿ."

"ಅದು ಹೆಸರು ಅಂತ ನಿಂಗೆ ಗೊತ್ತಾಗ್ಲಿಲ್ವೇನಯ್ಯ?"

"ಕುರುಡನಾ ನಾನು? ನಲವತ್ತು ವರ್ಷದಿಂದ ಇದೇ ಕೆಲಸ. ಮುಚ್ಚೋ ಮುಂಚೆ ಒಂದ್ಸಲ ಜೋರಾಗಿ ಓದ್ದೆ. ಕೊನೇ ಸಲ ಯಾರಾದ್ರೂ ಓದ್ಲಿ ಅಂತ."

"ಓದ್ಕೊಂಡೂ ಮುಚ್ಚಿದ್ಯಾ!"

"ಮಾಲೀಕರ ಸಹಿ ಇತ್ತಲ್ಲಮ್ಮ. ಮಾಲೀಕರೇ ಬೇಡ ಅಂದ್ಮೇಲೆ ನಂದೇನು? ಕಲ್ಲಿಗೇ ಅಂಟಿ ಬಿಡದಂಥ ರಾಳ ತುಂಬು ಅಂದಿದ್ರು, ನಾನು ಸುಣ್ಣ ತುಂಬಿದೀನಿ. ಯಾರಿಗಾದ್ರೂ ಬುದ್ಧಿ ಬಂದ್ರೆ ಒಂದು ಮಧ್ಯಾಹ್ನದಲ್ಲಿ ಕೆರೆದು ತೆಗೀಬೌದು. ಅಷ್ಟೇ ನನ್ನ ಕೈಲಾಗಿದ್ದು."

ಮಾಲೀಕರು ಎಂದರೆ ನೀವು. ನನಗೆ ಬರೆದ ಅಷ್ಟುದ್ದದ ಕಾಗದದಲ್ಲಿ ನಿಮ್ಮ ಮಂಡಿಗೆ ಜಾಗವಿತ್ತು, ದೇವದೂತೆಯ ಮೂಗಿಗೆ ಜಾಗವಿತ್ತು. ಈ ಸಹಿಗೆ ಇರಲಿಲ್ಲ.

ಇನ್ನೊಂದು. ಸೀಸದ ಅಕ್ಷರದ ಬೆನ್ನು ಹೇಗಿರುತ್ತದೆ ಎಂದು ನನಗೆ ವಿವರಿಸಿದ್ದೀರಿ. ಅಕ್ಷರದ ಬೆನ್ನು ಕಾಣಬೇಕಾದರೆ ಅದನ್ನು ಕಲ್ಲಿನಿಂದ ಕಿತ್ತಿರಬೇಕು. ನೀವು ಎಲ್ಲಿ ಕಂಡಿರಿ?

ಎನಿಡ್ ಥ್ವೈಟ್

•

ತಿಮಾರು
ಆಗಸ್ಟ್ ೧೫, ೨೦೧೯

ಮಾನ್ಯ ಥ್ವೈಟ್ ಅವರಿಗೆ,

ಹೌದು, ಸಹಿ ಹಾಕಿದ್ದೇನೆ. ಫೆಬ್ರುವರಿಯಲ್ಲಿ ಏಳು ಪುಟದ ಫಾರಂ ಬಂತು. ಶಿಖರ ಭದ್ರಪಡಿಸುವುದು, ಪಾಚಿ ತೆಗೆಯುವುದು, ಹೀಗೆ ಹತ್ತೊಂಬತ್ತು ಸಾಲು. ಹದಿನಾಲ್ಕನೆಯ ಸಾಲಿನಲ್ಲಿ "ಉತ್ತರ ಮುಖದ ರಂಧ್ರಗಳನ್ನು ತುಂಬುವುದು" ಎಂದಿತ್ತು. ಎಲ್ಲಕ್ಕೂ ಒಂದೇ ಕಡೆ ಸಹಿ. ನನ್ನಿಂದ ಖರ್ಚಿಲ್ಲ ಎಂದು ದಪ್ಪಕ್ಷರದಲ್ಲಿ ಬರೆದಿದ್ದರು, ನಾನು ಓದಿದ್ದು ಅದೊಂದೇ ಸಾಲು. ಸಂತೆಯಲ್ಲಿ ಇಷ್ಟು ಅಜಾಗರೂಕತೆಯಿಂದ ಒಂದು ಮೂಟೆ ಉಣ್ಣೆಗೂ ನಾನು ಸಹಿ ಹಾಕಿದವನಲ್ಲ.

ಸಮಿತಿಗೆ ನಿನ್ನೆಯೇ ಬರೆದಿದ್ದೇನೆ: ಯಾವ ಆಧಾರದ ಮೇಲೆ ಅದನ್ನು ಹೆಸರಲ್ಲ ಎಂದಿರಿ, ದಾಖಲೆಯ ನಕಲು ಕಳಿಸಿ ಎಂದು. ಬಂದರೆ ತಿಳಿಸುತ್ತೇನೆ.

ನಿಮ್ಮ ಕೊನೆಯ ಪ್ರಶ್ನೆಗೆ ಈಗ ಉತ್ತರವಿಲ್ಲ. ಉಣ್ಣೆಯವರ ಮಾತಿನಲ್ಲಿ ಹೇಳುವುದಾದರೆ, ಇನ್ನೂ ತೊಳೆದಿಲ್ಲ.

ಡೆಸ್ಮಂಡ್ ಓಲ್ಡ್‌ರಾಯ್ಡ್

•

ಸ್ಕೆಲ್‌ಬೆಕ್
ಸೆಪ್ಟೆಂಬರ್ ೧೬, ೨೦೧೯

ಓಲ್ಡ್‌ರಾಯ್ಡ್ ಅವರಿಗೆ,

ಶನಿವಾರ ಜೀರ್ಣೋದ್ಧಾರದ ಸಮಾರಂಭ ನಡೆಯಿತು. ಬ್ಯಾಂಡು, ಚಹಾ, ಒದ್ದೆಯಾದ ಕೇಕು. ಬ್ರಾಮ್ಲಿ ಒಂದು ಹಿತ್ತಾಳೆ ಫಲಕದ ಮೇಲಿನ ಬಟ್ಟೆ ಸರಿಸಿದ. "ಇಲ್ಲಿ ಓಲ್ಡ್‌ರಾಯ್ಡ್ ಮನೆತನದ ಹನ್ನೊಂದು ಮಂದಿ ವಿಶ್ರಮಿಸುತ್ತಿದ್ದಾರೆ." ಹನ್ನೊಂದು! ದಫನ್ ಪುಸ್ತಕದಲ್ಲಿ ಹನ್ನೆರಡು ಪೆಟ್ಟಿಗೆ ಇಳಿಸಿದ ದಾಖಲೆ ಇದೆ. ಅವಳು ಆ ನೆಲದ ಕೆಳಗೆ ನೂರ ನಲವತ್ತೈದು ವರ್ಷದಿಂದ ಮಲಗಿದ್ದಾಳೆ, ಮೇಲೆ ನಿಂತು ಕೇಕು ತಿನ್ನುವವರಿಗೆ ಎಣಿಸಲು ಬರುವುದಿಲ್ಲ.

ಫಲಕವನ್ನು ಎಲ್ಲಿ ಹಾಕುತ್ತಾರೆ ಗೊತ್ತೇ? ಉತ್ತರದ ಮುಖಕ್ಕೆ. "ಅದೊಂದೇ ಖಾಲಿ ಇರೋದು, ಹೇಳಿ ಮಾಡಿಸಿದ ಹಾಗಿದೆ" ಎಂದ ಬ್ರಾಮ್ಲಿ. ಚಳಿ ಕಳೆದ ಮೇಲೆ, ಏಪ್ರಿಲಿನಲ್ಲಿ, ನಾಲ್ಕು ದಪ್ಪ ಬೋಲ್ಟು ಹೊಡೆದು ಕೂರಿಸುತ್ತಾರಂತೆ. ಅವಳ ಹೆಸರಿನ ತೂತುಗಳ ಮಧ್ಯಕ್ಕೆ. ಆಮೇಲೆ ಸಗ್ಡೆನ್‌ನ ಸುಣ್ಣ ಕೆರೆದೂ ಪ್ರಯೋಜನವಿಲ್ಲ, ಕಲ್ಲೇ ಒಡೆದಿರುತ್ತದೆ.

ಇದೆಲ್ಲ ನೀವು ಹಾಕಿದ ಒಂದು ಸಹಿಯಿಂದ. ಜನ ಮೇಜಿನ ಮೇಲಿನ ಬ್ರೆಡ್ಡಿನ ಪುಡಿ ಒರೆಸುವಾಗಲೂ ಕೆಳಗೆ ಏನಿದೆ ಎಂದು ಒಂದು ಸಲ ನೋಡುತ್ತಾರೆ. ನೀವು ನೋಡಲಿಲ್ಲ. ನೋಡದೆ ಬರೆಯುವವರನ್ನು ನಾನು ಕ್ಷಮಿಸಲಾರೆ.

ಎ. ಥ್ವೈಟ್

•

ತಿಮಾರು
ಅಕ್ಟೋಬರ್ ೨೧, ೨೦೧೯

ಎನಿಡ್ ಥ್ವೈಟ್ ಅವರಿಗೆ,

ಸಮಿತಿಯ ಉತ್ತರ ಬಂದಿದೆ. ಅದನ್ನು ಹೇಳುವ ಮೊದಲು ನನ್ನದನ್ನು ಹೇಳಿಬಿಡುತ್ತೇನೆ. ಈ ಕ್ರಮ ಮುಖ್ಯ, ದಯವಿಟ್ಟು ಹಾಗೇ ಓದಿ.

ಹನ್ನೊಂದು ವರ್ಷದವನಿದ್ದಾಗ ನನಗೆ ಗಾಳ ಹಾಕುವ ಹುಚ್ಚು. ನಾಲೆಯಲ್ಲಿ ಗಾಳ ಮುಳುಗಬೇಕಾದರೆ ಸೀಸದ ಗುಂಡು ಬೇಕು. ಅಂಗಡಿಯಲ್ಲಿ ಕೊಳ್ಳಲು ಅಜ್ಜಿ ಕಾಸು ಕೊಡುತ್ತಿರಲಿಲ್ಲ. ತುರಚೆಯ ಹಿಂದೆ ಸೀಸವಿತ್ತು. ಅಲ್ಲಿಗೆ ಅಜ್ಜಿ ಬರುತ್ತಿರಲಿಲ್ಲ. ಉದ್ದ ಕಾಲುಚೀಲ ಎಳೆದುಕೊಂಡು, ಜೇಬಿನ ಚಾಕುವಿನಿಂದ, ಒಂದು ಬೇಸಿಗೆ ರಜೆಯಲ್ಲಿ ಆ ಮುಖದ ಒಂದೊಂದೇ ಅಕ್ಷರ ಎಬ್ಬಿಸಿದೆ. ಕಾಕಂಬಿಯ ಡಬ್ಬಿಯಲ್ಲಿ ಕರಗಿಸಿದೆ. ಉದುರಿದ್ದಲ್ಲ, ನಾನು ತೆಗೆದದ್ದು. ಒಂದು ಸಲ ಅಕ್ಕ ಹಿಡಿದಳು.

"ಯಾರ ಹೆಸರೋ ಅದು?" ಎಂದಳು.

"ಯಾರದ್ದೂ ಅಲ್ಲ ಕಣೇ, ನಮ್ಮೋರ ಹೆಸರಲ್ಲ" ಎಂದೆ.

ಹಾಗೆಂದ ಮೇಲೆ ನಾನು ಆ ಹೆಸರು ಓದಿದ್ದೆ ಎಂದೇ ಅರ್ಥ. ಕೇಳಿದ ನೆನಪಿಲ್ಲ ಎಂದು ನಿಮಗೆ ಬರೆದದ್ದು ಸುಳ್ಳು. ಅವಳ ಹೆಸರು ಹಾಕಿ ಎರಡು ಬೇಸಿಗೆ ಮೀನು ಹಿಡಿದಿದ್ದೇನೆ. ಹೆಸರಿನ ಮೊದಲನೆಯ ಅಕ್ಷರ, ಇಂಗ್ಲಿಷಿನ T, ಮಾತ್ರ ಪುಟ್ಟ ಸುತ್ತಿಗೆಯ ಹಾಗೆ ಚಂದ ಕಂಡಿತು, ಕರಗಿಸಲಿಲ್ಲ. ಅದು ನನ್ನ ಜೊತೆ ಹಡಗು ಹತ್ತಿ ಇಲ್ಲಿಗೆ ಬಂತು. ಅರವತ್ತು ವರ್ಷ ಕಿಟಕಿಯ ಮೇಲಿತ್ತು, ಯಾರಾದರೂ ಕೇಳಿದರೆ "ಊರಿನ ನೆನಪು" ಎನ್ನುತ್ತಿದ್ದೆ. ಈ ಲಕೋಟೆಯೊಳಗೆ ಹತ್ತಿಯಲ್ಲಿ ಸುತ್ತಿಟ್ಟಿದ್ದೇನೆ. ಬೆನ್ನು ನೋಡಿ. ಮೂರು ಮೊಳೆ.

ಈಗ ಸಮಿತಿಯ ಉತ್ತರ. ಅವರು ಕಳಿಸಿದ ನಕಲು ಒಂದು ಪುಸ್ತಕದ ಪುಟ. "ಸ್ಕೆಲ್‌ಬೆಕ್ ಸ್ಮಶಾನದ ಶಿಲಾಬರಹಗಳು, ೧೯೭೮." ಪುಟ ನಲವತ್ತೊಂದು, ಓಲ್ಡ್‌ರಾಯ್ಡ್ ಸಮಾಧಿ. ಪೂರ್ವ, ದಕ್ಷಿಣ, ಪಶ್ಚಿಮ, ಒಂದು ಚುಕ್ಕೆ ಬಿಡದೆ ಇಳಿಸಿದ್ದಾರೆ. ಕೊನೆಗೆ, "ಉತ್ತರ ಮುಖ: ಖಾಲಿ." ಹಿಂದೆ ಏನೂ ಇರಲಿಲ್ಲವಾದ್ದರಿಂದ ತೂತುಗಳು ಆಮೇಲಿನ ಹಾನಿ ಎಂದು ತೀರ್ಮಾನಿಸಿದರಂತೆ.

ಸಂಗ್ರಹಕಾರರ ಹೆಸರು ಇ. ಥ್ವೈಟ್.

ನಿಮ್ಮನ್ನು ಹಂಗಿಸಲು ಬರೆಯುತ್ತಿಲ್ಲ. ನೀವು ಒಬ್ಬರೇ ಇಷ್ಟು ಬೈಸಿಕೊಳ್ಳಬೇಕಾಗಿಲ್ಲ, ನಾನೂ ಇದ್ದೇನೆ ಎಂದು ಮೊದಲೇ ಹೇಳಿಬಿಟ್ಟೆ.

ಡೆಸ್ಮಂಡ್

•

ತಿಮಾರು
ಡಿಸೆಂಬರ್ ೧೨, ೨೦೧೯

ಪ್ರಿಯ ಎನಿಡ್ ಅವರಿಗೆ,

ಏಳು ವಾರವಾಯಿತು. ಕಾಗದ ತಲುಪಿತೇ? ಆರೋಗ್ಯವೇ? ಆ ನಕಲು ಕಳಿಸಬಾರದಿತ್ತೇನೋ. ಬೈದಾದರೂ ಒಂದು ಸಾಲು ಬರೆಯಿರಿ. ನಿಮ್ಮ ಬೈಗುಳವಿಲ್ಲದೆ ಅಂಚೆ ಡಬ್ಬಿ ಭಣಗುಡುತ್ತಿದೆ.

ಡೆಸ್ಮಂಡ್

•

ಸ್ಕೆಲ್‌ಬೆಕ್
ಜನವರಿ ೯, ೨೦೨೦

ಪ್ರಿಯ ಡೆಸ್ಮಂಡ್,

ಕಾಗದ ತಲುಪಿತ್ತು. ಆರೋಗ್ಯವಾಗಿದ್ದೇನೆ. ಬರೆಯಲು ಕೂತಾಗಲೆಲ್ಲ ನೀವು ಕಳಿಸಿದ ಸೀಸದ ಅಕ್ಷರ ಮೇಜಿನ ಮೇಲಿಂದ ನೋಡುತ್ತಿತ್ತು.

ನಾನೇ ಆ ಇ. ಥ್ವೈಟ್.

ಆಗ ನನಗೆ ಮೂವತ್ತೊಂದು. ಇತಿಹಾಸ ಸಂಘದ ಪರವಾಗಿ ಎರಡು ವರ್ಷ, ಒಂದು ಶನಿವಾರವೂ ಬಿಡದೆ, ಸಾವಿರದ ಮುನ್ನೂರು ಕಲ್ಲು ಓದಿದೆ. ನಿಮ್ಮ ಸಮಾಧಿ ಕೊನೆಯ ದಿನದ್ದು. ಮಳೆ ಹನಿಯುತ್ತಿತ್ತು. ಮೂರು ಮುಖ ಬರೆದುಕೊಂಡೆ. ಹಿಂದೆ ಸೊಂಟದೆತ್ತರದ ತುರಚೆ. ಸಂಘದ ಕೋಣೆಯಲ್ಲಿ ಚಹಾ ಇಟ್ಟಿದ್ದರು, ಪಾದ್ರಿ ಫೇರ್‌ಬ್ಯಾಂಕ್ ಗೇಟಿನಿಂದ ಕೂಗಿದರು: "ಬನ್ನಿ ಎನಿಡ್, ಹಿಂದುಗಡೆ ಏನಿರುತ್ತೆ? ಮುಂದೆ ಸಾಯೋರಿಗೆ ಅಂತ ಬಿಟ್ಟಿರ್ತಾರೆ." ನಮ್ಮ ಕಡೆ ಅದು ರೂಢಿಯೇ. ದೊಡ್ಡ ಮನೆತನಗಳು ಒಂದು ಮುಖವನ್ನು ಬರಲಿರುವವರಿಗೆಂದು ಖಾಲಿ ಬಿಡುತ್ತವೆ. ನಾನು ಸುತ್ತಿ ಹೋಗಲಿಲ್ಲ. "ಖಾಲಿ" ಎಂದು ಬರೆದೆ. ನೋಡದೆ ಬರೆದೆ.

ಐದು ವರ್ಷದ ಮೇಲೆ, ಜೂನ್ ತಿಂಗಳ ಒಂದು ಸಂಜೆ, ಯಾರೋ ತುರಚೆ ಕತ್ತರಿಸಿದ್ದರು. ಅವಳ ಹೆಸರು ಎದ್ದು ನಿಂತಿತ್ತು. ಎಷ್ಟು ಹೊತ್ತು ಅಲ್ಲೇ ಇದ್ದೆನೋ ತಿಳಿಯದು. ಮನೆಗೆ ಬಂದು ತಿದ್ದುಪಡಿ ಚೀಟಿಯನ್ನು ಟೈಪು ಮಾಡಿದೆ: "ಪುಟ ೪೧, 'ಖಾಲಿ' ಎಂದಿರುವಲ್ಲಿ ಹೀಗೆ ಓದಿಕೊಳ್ಳಿ." ಆ ಹೊತ್ತಿಗೆ ಪುಸ್ತಕಕ್ಕೆ ಜಿಲ್ಲೆಯ ಬಹುಮಾನ ಬಂದಿತ್ತು. ಒಂದು ತಪ್ಪೂ ಇಲ್ಲದ ಕೆಲಸ ಎಂದು ಹೊಗಳಿದ್ದರು. ಚೀಟಿ ಮೇಜಿನ ಖಾನೆಯಲ್ಲೇ ಉಳಿಯಿತು. ಬೇರೆಯವರ ಪುಸ್ತಕಗಳಿಗೆ ಎಷ್ಟು ಚೀಟಿ ಅಂಟಿಸಿದ್ದೇನೆ ನಾನು! ಕಲ್ಲೇ ಹೇಳುತ್ತದಲ್ಲ, ನಾನು ಹೇಳುವುದೇನು ಎಂದು ಸಮಾಧಾನ ಮಾಡಿಕೊಂಡೆ. ಪ್ರತಿ ಜೂನಿನಲ್ಲೂ ಹೋಗಿ ಓದಿ ಬರುತ್ತಿದ್ದೆ. ಅದನ್ನೇ ಪ್ರಾಯಶ್ಚಿತ್ತ ಅಂದುಕೊಂಡಿದ್ದೆ. ಈಗ ಕಲ್ಲಿನ ಬಾಯನ್ನೂ ನನ್ನ ಮಾತಿನ ಆಧಾರದ ಮೇಲೆಯೇ ಮುಚ್ಚಿಸಿದ್ದಾರೆ.

ನಿಮ್ಮನ್ನು ಬೈದೆ. ಬ್ರಾಮ್ಲಿಯನ್ನು ಬೈದೆ. "ನೋಡದೆ ಬರೆಯುವವರನ್ನು ಕ್ಷಮಿಸಲಾರೆ" ಎಂದೆ. ಆ ಸಾಲು ಬರೆಯುವಾಗ ನಾನು ಯಾರಿಗೆ ಬರೆಯುತ್ತಿದ್ದೇನೆಂದು ನನಗೆ ಗೊತ್ತಿತ್ತು.

ಹಾಗೆಂದು ಸಮಿತಿಯವರು ಪಾರಾಗುವುದಿಲ್ಲ. ನನ್ನ ಪುಸ್ತಕ ನಲವತ್ತು ವರ್ಷ ಹಳೆಯದು. ಅವರ ದಫನ್ ಪುಸ್ತಕ ಎದ್ದು ಆರು ಹೆಜ್ಜೆ ನಡೆದರೆ ಸಿಗುತ್ತಿತ್ತು. ಒಂದು ಬಹಿರಂಗ ಪತ್ರ ಬರೆದಿದ್ದೇನೆ, ವಾರಪತ್ರಿಕೆಯವರು ಹಾಕುತ್ತೇವೆಂದಿದ್ದಾರೆ. ನಿಮ್ಮ ಸಹಿ ಬೇಕು. ಈ ಸಲ ಪೂರ್ತಿ ಓದಿ ಹಾಕಿ.

ಎನಿಡ್

•

ತಿಮಾರು
ಜನವರಿ ೨೮, ೨೦೨೦

ಪ್ರಿಯ ಎನಿಡ್,

ಎರಡು ಸಲ ಓದಿದೆ, ಒಂದು ಸಲ ಜೋರಾಗಿ. ಸಹಿ ಹಾಕಿದ್ದೇನೆ. ಗಾಳದ ವಿಷಯವನ್ನು ನೀವು ಸ್ವಲ್ಪ ಮೃದು ಮಾಡಿ ಬರೆದಿದ್ದಿರಿ. ಅದನ್ನು ಹೊಡೆದುಹಾಕಿ ನೇರವಾಗಿ ಬರೆದಿದ್ದೇನೆ.

ನನ್ನ ಹಲಗೆ ಇನ್ನೂ ಖಾಲಿ ಇದೆ, ಜ್ಞಾಪಕವಿರಲಿ. ಹದಿಮೂರನೆಯವರಾಗಿ ಬೈಯುತ್ತ ಮಲಗಬಹುದು.

ಡೆಸ್ಮಂಡ್

•

ಸ್ಕೆಲ್‌ಬೆಕ್ ಪುರಸಭೆಯ ಸ್ಮಶಾನ ಸಮಿತಿಗೆ ಬಹಿರಂಗ ಪತ್ರ
ಫೆಬ್ರುವರಿ ೧೦, ೨೦೨೦

ಸಮಿತಿಯ ಅಧ್ಯಕ್ಷರಿಗೂ ಸದಸ್ಯರಿಗೂ,

ಓಲ್ಡ್‌ರಾಯ್ಡ್ ಸಮಾಧಿಯ ಉತ್ತರದ ಮುಖದಲ್ಲಿ ಟ್ರಿಫೀನಾ ಲಂಬ್ ಎಂಬವಳ ಹೆಸರಿತ್ತು. ಅದನ್ನು ಒಬ್ಬರು ಅಳಿಸಲಿಲ್ಲ. ಸರದಿಯಂತೆ ಅಳಿಸಿದ್ದೇವೆ.

೧೯೫೦ರಲ್ಲಿ ಆ ಹೆಸರಿನ ಸೀಸವನ್ನು ಕಿತ್ತು ಕರಗಿಸಿ ಮೀನು ಹಿಡಿದವನು ಡೆಸ್ಮಂಡ್ ಓಲ್ಡ್‌ರಾಯ್ಡ್. ಅದು ಹುಡುಗಾಟವಲ್ಲ, ಓದಿ ತಿಳಿದು ಕಿತ್ತದ್ದು. ಅದೇ ಡೆಸ್ಮಂಡ್ ಕಳೆದ ವರ್ಷ ಫಾರಂ ಓದದೆ ನಿಮಗೆ ಸಹಿ ಕೊಟ್ಟ. ೧೯೭೮ರಲ್ಲಿ ಆ ಮುಖವನ್ನು ನೋಡದೆ "ಖಾಲಿ" ಎಂದು ಅಚ್ಚು ಹಾಕಿಸಿದವಳು, ತಪ್ಪು ತಿಳಿದ ಮೇಲೂ ಮೂವತ್ತಾರು ವರ್ಷ ಬಾಯಿ ಬಿಡದವಳು ಎನಿಡ್ ಥ್ವೈಟ್. ಆ ತಿದ್ದುಪಡಿ ಚೀಟಿ ಈಗ ಗ್ರಂಥಾಲಯದ ಪ್ರತಿಯಲ್ಲಿ, ಪುಟ ನಲವತ್ತೊಂದಕ್ಕೆ, ಅಂಟಿದೆ. ಯಾರು ಬೇಕಾದರೂ ಹೋಗಿ ನೋಡಬಹುದು. ನಮ್ಮಿಬ್ಬರ ಉತ್ತರ ಇದು. ಊರಿನ ಮುಂದೆ ಕೊಟ್ಟಿದ್ದೇವೆ.

ಸಮಾಧಿಯ ಹಕ್ಕುದಾರನಾಗಿ ಡೆಸ್ಮಂಡ್ ಓಲ್ಡ್‌ರಾಯ್ಡ್ ತನ್ನ ಒಪ್ಪಿಗೆಯನ್ನು ಹಿಂದಕ್ಕೆ ಪಡೆದಿದ್ದಾನೆ. ಹಿತ್ತಾಳೆ ಫಲಕದ ಒಂದು ಬೋಲ್ಟೂ ಆ ಕಲ್ಲಿಗೆ ಇಳಿಯಕೂಡದು. ಸುಣ್ಣ ಕೆರೆದು, ಅವೇ ಇನ್ನೂರ ಹದಿನೆಂಟು ತೂತುಗಳಿಗೆ ಹೊಸ ಸೀಸ ಬಡಿಯಲು ಸಗ್ಡೆನ್ ಒಪ್ಪಿದ್ದಾನೆ. ಅವಳ ಹೆಸರಿನ ಮೊದಲನೆಯ ಅಕ್ಷರ ಹೊಸದು ಬೇಕಿಲ್ಲ. ಅದು ಸಮುದ್ರ ದಾಟಿ ಹೋಗಿ, ವಾಪಸು ಬಂದಿದೆ.

ಉಳಿದದ್ದು ನಿಮ್ಮ ಉತ್ತರ. ದಫನ್ ಪುಸ್ತಕ ನಿಮ್ಮ ಬೆನ್ನ ಹಿಂದಿನ ಬೀರುವಿನಲ್ಲಿ ಇರುವಾಗ ಅದನ್ನು ಏಕೆ ತೆರೆಯಲಿಲ್ಲ? ಕಲ್ಲುಕುಟಿಗ ನಿಂತು ಓದಿದ ಹೆಸರು ನಿಮ್ಮಲ್ಲಿ ಒಬ್ಬರಿಗೂ ಏಕೆ ಕಾಣಲಿಲ್ಲ? ಲಂಬ್ ಬದಲು ಓಲ್ಡ್‌ರಾಯ್ಡ್ ಎಂದಿದ್ದರೆ ಆ ತೂತುಗಳನ್ನು ತೂತು ಎನ್ನುತ್ತಿದ್ದಿರಾ?

ಕಾಗದದಲ್ಲಿ ಬರೆದು ಕಳಿಸಬೇಡಿ. ಮಾರ್ಚ್ ಐದು, ಗುರುವಾರ, ಸಂಜೆ ಏಳಕ್ಕೆ ನಿಮ್ಮ ಸಭೆ ಇದೆ. ಊರಿನವರ ಪ್ರಶ್ನೆಗೆ ನೀವು ಕೊಡುವ ಮೂರು ನಿಮಿಷವನ್ನು ನಾವು ನಿಮಗೇ ಬಿಟ್ಟುಕೊಡುತ್ತೇವೆ. ಮರಳಿನ ಗಡಿಯಾರ ತಿರುಗಿಸಿ. ನಿಮ್ಮ ಪುಸ್ತಕದಲ್ಲಿ ಹನ್ನೆರಡು ಮಂದಿ, ನಿಮ್ಮ ಫಲಕದಲ್ಲಿ ಹನ್ನೊಂದು. ಹನ್ನೆರಡನೆಯವಳು ಯಾರು? ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ, ಹೆಸರು ಹಿಡಿದು ಹೇಳಿ.

ಎನಿಡ್ ಥ್ವೈಟ್, ಸ್ಕೆಲ್‌ಬೆಕ್
ಡೆಸ್ಮಂಡ್ ಓಲ್ಡ್‌ರಾಯ್ಡ್, ತಿಮಾರು